ಬೋಳುಕುದ್ರಿನಲ್ಲಿ ಊರು ಮಾತಾಡಿದ ದಿನ

ನಮ್ಮ ಊರಿನಲ್ಲಿ ಮಾತು ವರ್ಷವಿಡೀ ಸಿಗುವಂಥದ್ದಲ್ಲ. ಮಳೆಗಾಲ ಕಳೆದು ಕಡಲು ತಿಳಿಯಾಗುವ ಹೊತ್ತಿಗೆ ಕರೆಹಕ್ಕಿಗಳು ಬಂದು ನಮ್ಮ ದನಿಗಳನ್ನು ತೆಗೆದುಕೊಳ್ಳುತ್ತವೆ. ಮೊಟ್ಟೆಯಿಟ್ಟು, ಕಾವು ಕೊಟ್ಟು, ಮರಿಯ ರೆಕ್ಕೆ ಬಲಿಯುವವರೆಗೆ ಅವು ಕಡಲಂಚಿನ ಮಾತಿನಬಂಡೆಯ ಮೇಲೆ ಕೂತು ನಮ್ಮ ದನಿಯಲ್ಲಿ ಹರಟುತ್ತವೆ, ನಾವು ಕೆಳಗೆ ಬಾಯಿ ಮುಚ್ಚಿಕೊಂಡು ಮೀನು ಒಣಗಿಸುತ್ತೇವೆ. ಮರಿಗಳು ಹಾರಿದ ದಿನ ದನಿ ಮರಳಿ ಬರುತ್ತದೆ. ಇದು ಯಾಕೆ ಹೀಗೆ ಎಂದು ಹೊರಗಿನವರು ಕೇಳುತ್ತಾರೆ. ಅವರ ಊರಿನಲ್ಲಿ ಮಳೆ ಯಾಕೆ ಬರುತ್ತದೆ ಎಂದು ನಾವು ಯಾವತ್ತಾದರೂ ಕೇಳಿದ್ದುಂಟೇ?

ಹೇಗೆ ಬದುಕುತ್ತೀರಿ ಎಂದರೆ, ಚೆನ್ನಾಗಿಯೇ ಬದುಕುತ್ತೇವೆ. ಮದುವೆ ಮಾತುಕತೆಗಳನ್ನು ಹಕ್ಕಿ ಬರುವ ಮೊದಲೇ ಮುಗಿಸುತ್ತೇವೆ. ಮೀನು ಮಾರುವವರು ತಕ್ಕಡಿಯ ತಟ್ಟೆ ಬಡಿಯುತ್ತಾರೆ. ಅರ್ಧಕ್ಕೆ ನಿಂತ ಜಗಳವನ್ನು ಹಾಗೆಯೇ ಕಟ್ಟಿಟ್ಟು, ದನಿ ಬಂದ ದಿನ ಬಿಟ್ಟಲ್ಲಿಂದ ಮುಂದುವರಿಸುವವರೂ ಇದ್ದಾರೆ. ಸೊಸೆಯಂದಿರು ಈ ತಿಂಗಳುಗಳಿಗಾಗಿ ಕಾಯುತ್ತಾರೆ, ಅತ್ತೆಯಂದಿರೂ ಕಾಯುತ್ತಾರೆ. ಕಷ್ಟವಾಗುವುದು ನನ್ನಂಥ ಬಾಯಿಬಡುಕಿಯರಿಗೆ. ನನಗೆ ಮಾತಾಡದಿದ್ದರೆ ಉಂಡದ್ದು ಕರಗುವುದಿಲ್ಲ. ಸಂಜೆಯಾದರೆ ಬಂಡೆಯ ಬುಡಕ್ಕೆ ಹೋಗಿ, ನನ್ನ ದನಿಯ ಹಕ್ಕಿ ಯಾರಿಗೋ ಏನೋ ಬಯ್ಯುವುದನ್ನು ಕೇಳಿ ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ಆದರೆ ನಾನು ಹೇಳಹೊರಟದ್ದು ನನ್ನ ಕಥೆಯನ್ನಲ್ಲ, ನನ್ನ ಅಕ್ಕ ಗುಲಾಬಿಯದ್ದು. ಅವಳ ಗಂಡ ಐತಪ್ಪ ಭಾವ ದೋಣಿ ಕಟ್ಟುವವರು. ಹಗಲೆಲ್ಲ ಮರ ಕೆತ್ತುತ್ತ, ಕೆತ್ತುವಷ್ಟೂ ಹೊತ್ತು ಏನಾದರೊಂದು ಹೇಳುತ್ತ ಇರುವ ಮನುಷ್ಯ. ಒಂದು ಮಳೆಗಾಲ ಜ್ವರ ಬಂದು ಹೋಗಿಬಿಟ್ಟರು. ಮನುಷ್ಯ ಹೋದರೂ ಅವನ ದನಿ ಒಯ್ಯುತ್ತಿದ್ದ ಹಕ್ಕಿ ಇರುತ್ತದಲ್ಲ, ಅದು ವರ್ಷ ವರ್ಷ ಬರುತ್ತದೆ, ಅದೇ ದನಿಯಲ್ಲಿ ಮಾತಾಡುತ್ತದೆ. ಅದು ಸತ್ತರೆ ಅದರ ಮರಿ ಮಾತಾಡುತ್ತದೆ. ಹೀಗೆ ಮಾತಿನಬಂಡೆಯ ಮೇಲೆ ನಮ್ಮ ಅಜ್ಜಿಯರ ಅಜ್ಜಿಯರೂ ಇದ್ದರು. ಯಾರೆಂದೇ ಗೊತ್ತಿಲ್ಲದ ದನಿಗಳು ಈಗ ಯಾರೂ ಹಿಡಿಯದ ಮೀನುಗಳ ಹೆಸರು ಹೇಳುತ್ತಿದ್ದವು. ಚಿಕ್ಕಂದಿನಲ್ಲಿ ಅದನ್ನು ಕೇಳುವಾಗ ನನ್ನ ಮೈಯ ರೋಮವೆಲ್ಲ ನಿಲ್ಲುತ್ತಿತ್ತು, ಈಗಲೂ ನಿಲ್ಲುತ್ತದೆ.

ಅಕ್ಕ ಋತು ಬಂತೆಂದರೆ ಬಂಡೆಯ ಬುಡದಲ್ಲಿ ಚಾಪೆ ಹಾಸಿ ಕೂರುತ್ತಿದ್ದಳು. ಮೇಲಿನಿಂದ ಭಾವ ಮರದ ತೇವದ ಬಗ್ಗೆ, ನೊಣಗಳ ಕಾಟದ ಬಗ್ಗೆ, ಚಟ್ನಿಗೆ ಉಪ್ಪು ಕಡಿಮೆಯಾದುದರ ಬಗ್ಗೆ ಹೇಳುತ್ತಿದ್ದರು. ನಿನ್ನೆ ಹೇಳಿದ್ದನ್ನು ಇವತ್ತು ಹೇಳುತ್ತಿರಲಿಲ್ಲ. ಬದುಕಿದ್ದಾಗ ಹೇಗೋ ಹಾಗೆಯೇ, ದಿನಕ್ಕೊಂದು ಹೊಸ ತಕರಾರು. ಅಕ್ಕ ಕೇಳುತ್ತ ಕೇಳುತ್ತ ಬಟಾಣಿ ಸುಲಿಯುವಳು, ಬಲೆ ಹೊಲಿಯುವಳು, ನಡುನಡುವೆ ಕಣ್ಣೊರೆಸಿಕೊಂಡು ನಗುವಳು. ಉಳಿದ ತಿಂಗಳುಗಳಲ್ಲಿ ಅವಳು ಮಾತಾಡುತ್ತಿದ್ದುದೇ ಕಡಿಮೆ. ಆ ಕೆಲವು ವಾರಗಳಿಗಾಗಿ ಉಳಿದ ವರ್ಷವನ್ನು ಸುಮ್ಮನೆ ದಾಟಿಸುತ್ತಿದ್ದಳು ಎಂದು ನನಗನಿಸುತ್ತಿತ್ತು.

ಈ ನಡುವೆ ಹಕ್ಕಿಗಳು ಕಡಿಮೆಯಾಗುತ್ತ ಬಂದವು. ಊರು ಕಂಗಾಲಾಯಿತು. ನಮ್ಮ ಗುರಿಕಾರರು ತನಿಯಪ್ಪಜ್ಜ. ಊರಿನ ಹಿರಿತನ ಅವರದ್ದು, ಅವರ ಮಾತೆಂದರೆ ಮಾತು. ಹಕ್ಕಿ ಬರುವ ಹಿಂದಿನ ದಿನ ಅವಕ್ಕೆ ಗೌರವವೆಂದು ಊರೆಲ್ಲ ಬಾಯಿ ಮುಚ್ಚುವ ಪದ್ಧತಿ ಮೊದಲಿನಿಂದಲೂ ಇತ್ತು. ಅದಕ್ಕೆ ಮುಂಗಡ ಮೌನ ಎಂದು ಹೆಸರು. ನಮ್ಮ ಗಲಾಟೆಯಿಂದಲೇ ಹಕ್ಕಿಗಳಿಗೆ ಬೇಸರವಾಗಿದೆ ಎಂದು ಯೋಚಿಸಿ ಅಜ್ಜ ಒಂದು ದಿನದ ಮೌನವನ್ನು ಒಂದು ವಾರ ಮಾಡಿದರು. ಮರುವರ್ಷ ಹಕ್ಕಿ ಇನ್ನೂ ಕಡಿಮೆ ಬಂದವು. ಅಜ್ಜ ಅದನ್ನು ಹದಿನೈದು ದಿನ ಮಾಡಿದರು. ಮತ್ತೂ ಕಡಿಮೆ. ಕೊನೆಗೆ ತಿಂಗಳುಗಟ್ಟಲೆ ಮೌನ. ನಾಯಿಗಳನ್ನೂ ದೂರದ ದಿಣ್ಣೆಗೆ ಕಟ್ಟಿಬರುತ್ತಿದ್ದೆವು. ಪ್ರೀತಿಯಿದ್ದವರು ಮಾತ್ರ ಮಾಡಬಲ್ಲ ಕೆಲಸ ಅದು.

ಆಗ ಬಂದವಳು ಶ್ಯಾಮಿಲಿ. ದೊಡ್ಡ ನೆಲದ ಯಾವುದೋ ವಿಶ್ವವಿದ್ಯಾಲಯದವಳು, ದೂರದ ದ್ವೀಪಗಳ ಹಕ್ಕಿಗಳ ಮೇಲೆ ಸಂಶೋಧನೆ ಮಾಡುವವಳು. ಬಿಸಿಲಿಗೆ ಮೂಗು ಸುಲಿದು, ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು ದೋಣಿಯಿಂದ ಇಳಿದಳು. ಮೊದಲ ಸಂಜೆಯೇ ಬಂಡೆಯ ಬುಡಕ್ಕೆ ಬಂದು ನಿಂತವಳು ಕತ್ತಲಾದರೂ ಕದಲಲಿಲ್ಲ. ನಾನು ಕೈಹಿಡಿದು ಊಟಕ್ಕೆ ಎಬ್ಬಿಸಿಕೊಂಡು ಹೋಗಬೇಕಾಯಿತು. ಆ ಋತುವಿನಲ್ಲಿ ಇಡೀ ಊರಿನಲ್ಲಿ ದನಿಯಿದ್ದವಳು ಅವಳೊಬ್ಬಳೇ. ಅವಳ ದನಿಯನ್ನು ಯಾವ ಹಕ್ಕಿಯೂ ಮುಟ್ಟಲಿಲ್ಲ. ಅದು ಅವಳಿಗೆ ಎಷ್ಟು ಅವಮಾನವಾಯಿತೆಂದರೆ, ಏನಾದರೂ ಬೇಕಿದ್ದರೆ ಅವಳೂ ಕೈಸನ್ನೆ ಮಾಡತೊಡಗಿದಳು. ನಮ್ಮವಳೇ ಇವಳು ಎಂದು ನಾನು ಅವತ್ತೇ ತೀರ್ಮಾನಿಸಿದೆ.

ಹಕ್ಕಿಗಳು ಹೋಗಿ ನಮಗೆ ದನಿ ಬಂದ ಮೇಲೆ ಅವಳು ಅಜ್ಜನ ಜಗಲಿಯಲ್ಲಿ ಕೂತು ವಿಷಯ ಹೇಳಿದಳು. "ಅಜ್ಜಾ, ಮಾತಿನಬಂಡೆಯನ್ನ ಕೆಳಗಿನಿಂದ ಕಡಲು ತಿಂದುಹಾಕಿದೆ. ನೀರು ವರ್ಷ ವರ್ಷ ಮೇಲೆ ಬರ್ತಾ ಇದೆ. ಬಂಡೆ ಬಹಳ ಕಾಲ ನಿಲ್ಲೋದಿಲ್ಲ. ಹಕ್ಕಿಗಳಿಗೆ ಈಗಲೇ ಇನ್ನೊಂದು ಜಾಗ ತೋರಿಸಬೇಕು."

"ಹಕ್ಕಿಗೆ ಜಾಗ ತೋರಿಸ್ಲಿಕ್ಕೆ ನಾವ್ಯಾರು ಮಗಾ?" ಅಂದರು ಅಜ್ಜ.

"ಅವುಗಳ ನೆರೆಹೊರೆಯವರು," ಅಂದಳು ಶ್ಯಾಮಿಲಿ. ಅಜ್ಜನಿಗೆ ಆ ಉತ್ತರ ಹಿಡಿಸಿತು.

ಅವಳು ಆರಿಸಿದ್ದು ಬೋಳುಕುದ್ರನ್ನು. ನಮ್ಮ ದ್ವೀಪದಿಂದ ಆಚೆ, ಗಾಳಿಗೆ ಮೈಯೊಡ್ಡಿ ಕೂತ ಇನ್ನೊಂದು ಸಣ್ಣ ದ್ವೀಪ ಅದು. ಎತ್ತರದ ಕಲ್ಲು, ಒಂದಿಷ್ಟು ಹುಲ್ಲು, ಮರವಿಲ್ಲ, ಮನೆಯಿಲ್ಲ. ಯಾವುದೋ ಕಾಲದಲ್ಲಿ ಅಲ್ಲಿ ಒಡೆದ ಹಡಗಿನಿಂದ ಇಳಿದ ಇಲಿಗಳ ಸಂತಾನ ಮಾತ್ರ ಬೇಕಾದಷ್ಟಿತ್ತು. ಇಲಿಗಳಿದ್ದರೆ ಮೊಟ್ಟೆ ಉಳಿಯುವುದಿಲ್ಲ. ಹಾಗಾಗಿ ಊರೆಲ್ಲ ಸರದಿಯಲ್ಲಿ ಹೋಗಿ, ಬೋನುಗಳಲ್ಲಿ ಸುಟ್ಟ ಕೊಬ್ಬರಿ ಇಟ್ಟು ಅವುಗಳ ವಂಶ ತೀರಿಸಿದೆವು. ನಮ್ಮನ್ನು ದಾಟಿಸುತ್ತಿದ್ದವನು ಹಸನಬ್ಬ, ಊರಿನ ದೊಡ್ಡ ದೋಣಿ ಅವನದ್ದು. ಸತ್ತ ಇಲಿಗಳನ್ನು ನೋಡಿ ಅವನು, "ಪಾಪದವು, ಇಷ್ಟು ದೂರ ಬಂದು ಕೊಬ್ಬರಿಗೆ ಬಿದ್ದವಲ್ಲ," ಎಂದು ಮರುಗುತ್ತಿದ್ದ. ಮರುಗುತ್ತಲೇ ಮುಂದಿನ ಬೋನಿಗೆ ಕೊಬ್ಬರಿ ಸುಡುತ್ತಿದ್ದ.

ಶ್ಯಾಮಿಲಿ ಹೆದರಿದ್ದು ಆ ಮಳೆಗಾಲದಲ್ಲೇ ನಡೆದುಹೋಯಿತು. ಒಂದು ಮಧ್ಯಾಹ್ನ ಗಾಳಿಮಳೆಯ ನಡುವೆ ನೆಲ ನಡುಗಿತು. ಹೊರಗೆ ಓಡಿ ನೋಡಿದರೆ ಮಾತಿನಬಂಡೆ ಇದ್ದ ಕಡೆ ಬರೀ ಆಕಾಶ. ಬಂಡೆ ಇಡಿಯಾಗಿ ಕಡಲಿಗೆ ಕುಸಿದಿತ್ತು. ನಾನು ಹೋಗುವಷ್ಟರಲ್ಲಿ ಅಕ್ಕ ಅಲ್ಲಿ ನೆನೆದು ತೊಪ್ಪೆಯಾಗಿ ನಿಂತಿದ್ದಳು.

"ಇನ್ನು ಅವ್ರು ಬಂದ್ರೆ ಎಲ್ಲಿ ಕೂರುದು ಕುಸುಮಾ?" ಅಂದಳು.

ನಾನು ಅವಳ ರಟ್ಟೆ ಹಿಡಿದು ಮನೆಗೆ ಕರೆದುಕೊಂಡು ಬಂದೆ.

ಊರಿನಲ್ಲಿ ಕೆಲವು ಹುಡುಗರು, ಹಕ್ಕಿ ಬರದಿದ್ದರೆ ಒಳ್ಳೆಯದೇ ಆಯಿತಲ್ಲ, ವರ್ಷವಿಡೀ ಮಾತಾಡಬಹುದು ಎಂದರು. ಹಸನಬ್ಬ ಅವರನ್ನು ನೋಡಿ, "ವರ್ಷಪೂರ್ತಿ ಮಾತಾಡ್ಲಿಕ್ಕೆ ನಮ್ಮತ್ರ ಎಂತ ಉಂಟು ಮಾರಾಯ?" ಅಂದ. ಅವನ ತಾಯಿಯ ದನಿಯೂ ಬಂಡೆಯ ಮೇಲಿತ್ತು. ಬದುಕಿದ್ದ ನಮಗೆ ಹೋಗುವುದೇನಿರಲಿಲ್ಲ. ಹಕ್ಕಿಗಳಿಗೆ ಇಳಿಯಲು ಜಾಗ ಕಾಣದಿದ್ದರೆ ಅವು ನಡುಗಡಲಿಗೆ ಹೊರಟುಹೋಗುತ್ತವೆ, ಮತ್ತೆ ಈ ಕಡೆ ಬರುವುದಿಲ್ಲ ಎಂದು ಶ್ಯಾಮಿಲಿ ಹೇಳಿದ್ದಳು. ಹೋದರೆ ಸತ್ತವರೆಲ್ಲ ಒಟ್ಟಿಗೇ ಹೋಗುವರು.

ಹಕ್ಕಿಯನ್ನು ಹೊಸ ಜಾಗಕ್ಕೆ ಕರೆಯಲು ಶ್ಯಾಮಿಲಿಯ ಬಳಿ ಉಪಾಯವಿತ್ತು. ಮರದ ಹಕ್ಕಿಗಳನ್ನು ಕೆತ್ತಿ, ಬಣ್ಣ ಬಳಿದು ಕಲ್ಲುಗಳ ಮೇಲೆ ಕೂರಿಸಬೇಕು. ಜೊತೆಗೆ ಬಿಸಿಲಿನಿಂದ ನಡೆಯುವ ಸ್ಪೀಕರುಗಳಲ್ಲಿ ಹಕ್ಕಿಗಳ ಸದ್ದನ್ನು ಹಾಕಬೇಕು. ಇಲ್ಲಿ ನಮ್ಮವರು ಆಗಲೇ ಮನೆಮಾಡಿದ್ದಾರೆ ಎಂದುಕೊಂಡು ಹಕ್ಕಿಗಳು ಇಳಿಯುತ್ತವಂತೆ, ಬೇರೆ ಬೇರೆ ದ್ವೀಪಗಳಲ್ಲಿ ಇಳಿದಿವೆಯಂತೆ. ಮರದ ಹಕ್ಕಿ ಎಂದ ತಕ್ಷಣ ಅಕ್ಕ ಎದ್ದು ಒಳಗೆ ಹೋಗಿ ಭಾವನ ಉಳಿ, ಬಾಚಿ ತಂದಳು. ಗಂಡ ಕೆತ್ತುವಾಗ ಮರ ಹಿಡಿದುಕೊಂಡು ಕೂರುತ್ತಿದ್ದವಳು ಅವಳು, ಎಂದೂ ತಾನಾಗಿ ಉಳಿ ಹಿಡಿದವಳಲ್ಲ. ಅವಳ ಮೊದಲ ಹಕ್ಕಿ ಬಾತುಕೋಳಿಯ ಹಾಗಿತ್ತು. ಎರಡನೆಯದು ಚಪ್ಪಲಿಯ ಹಾಗಿತ್ತು. ನಾನು ನಕ್ಕೆ, ಅವಳೂ ನಕ್ಕಳು. ಮಳೆ ಬಿಡುವಷ್ಟರಲ್ಲಿ ಅವಳ ಅಂಗಳದ ತುಂಬ ಹಾಲೆಮರದ ಕರೆಹಕ್ಕಿಗಳು ಕತ್ತು ಓರೆಮಾಡಿಕೊಂಡು ಕೂತಿದ್ದವು. ಬೆಕ್ಕು ಹೆದರಿ ಮಾಡು ಹತ್ತಿತು.

ಶ್ಯಾಮಿಲಿ ಹಿಂದಿನ ಋತುವಿನಲ್ಲಿ ಬಂಡೆಯ ಬುಡದಲ್ಲಿ ಕೂತು ಎಲ್ಲ ದನಿಗಳನ್ನೂ ರೆಕಾರ್ಡ್ ಮಾಡಿಕೊಂಡಿದ್ದಳು. ಅದನ್ನೇ ಸ್ಪೀಕರಿಗೆ ಹಾಕುವುದು ಎಂದಾಯಿತು. ಒಂದು ದಿನ ಅಕ್ಕನ ಜಗಲಿಯಲ್ಲಿ ಕೂತು, ಹಿಂದೆಮುಂದೆ ನೋಡುತ್ತ ಅವಳು ಅಂದಳು, "ಗುಲಾಬಿಯಮ್ಮ, ಹಕ್ಕಿ ಬಂದ್ರೂ ಬರದಿದ್ರೂ, ನಿಮ್ಮ ಯಜಮಾನರ ದನಿ ನನ್ನ ಹತ್ರ ಇದೆ. ಬೇರೆ ಮಾಡಿ ಕೊಡ್ತೇನೆ. ಬೇಕಾದಾಗ ಕೇಳಬಹುದು."

ಗುಂಡಿ ಒತ್ತಿದಳು. ಡಬ್ಬದೊಳಗಿನಿಂದ ಭಾವ, ಈ ಸಲದ ಎಣ್ಣೆಗೆ ಜಿಡ್ಡೇ ಇಲ್ಲ ಎಂದು ಗೊಣಗಿದರು. ಅಕ್ಕ ಡಬ್ಬಕ್ಕೆ ಕಿವಿಯೊಡ್ಡಿ ಕೇಳಿದಳು. "ಇನ್ನೊಮ್ಮೆ," ಅಂದಳು. ಭಾವ ಮತ್ತೆ, ಈ ಸಲದ ಎಣ್ಣೆಗೆ ಜಿಡ್ಡೇ ಇಲ್ಲ ಅಂದರು. ಅಕ್ಕ ಡಬ್ಬವನ್ನು ಮೆಲ್ಲಗೆ ಆಚೆ ಸರಿಸಿದಳು.

"ಬೇಡ ಮಗಾ," ಅಂದಳು. "ಹೇಳಿದ್ದನ್ನೇ ಎರಡು ಸಲ ಹೇಳುವ ಜನ ಅಲ್ಲ ಅವ್ರು. ಇದು ಅವ್ರ ದನಿ ಹೌದು, ಅವ್ರಲ್ಲ."

ಶ್ಯಾಮಿಲಿ ಡಬ್ಬ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಇಬ್ಬರೂ ಸೇರಿ ಹಕ್ಕಿಗಳಿಗೆ ಕಣ್ಣು ಬರೆದರು.

ಕಡಲು ತಿಳಿಯಾಯಿತು. ಹಕ್ಕಿ ಬರುವ ಕಾಲ ಸಮೀಪಿಸಿತು. ಬಂಡೆಯೇ ಇಲ್ಲದ ವರ್ಷ ಹಕ್ಕಿಗಳ ಮನಸ್ಸು ಇನ್ನೆಷ್ಟು ನೊಂದಿರುತ್ತದೋ ಎಂದು ಅಜ್ಜ ಮುಂಗಡ ಮೌನವನ್ನು ಮತ್ತಷ್ಟು ಉದ್ದ ಮಾಡಿದರು. ಶ್ಯಾಮಿಲಿಯೂ ಹೌದೆಂದಳು. ಗೂಡಿನ ಜಾಗದಲ್ಲಿ ಮನುಷ್ಯರ ಸದ್ದು ಇರಬಾರದೆಂದು ಅವಳ ಓದೂ ಹೇಳುತ್ತಿತ್ತು. ನಾನು ತುಟಿಗೆ ಬಟ್ಟೆ ಕಟ್ಟಿಕೊಂಡೇ ತಿರುಗಿದೆ, ಇಲ್ಲದಿದ್ದರೆ ಕೋಳಿಯನ್ನಾದರೂ ಮಾತಾಡಿಸಿಬಿಡುತ್ತೇನೆ ಎಂಬ ಹೆದರಿಕೆ. ಬೋಳುಕುದ್ರಿನಲ್ಲಿ ಮರದ ಹಕ್ಕಿಗಳನ್ನು ಕೂರಿಸಿ, ಸ್ಪೀಕರುಗಳನ್ನು ಕಲ್ಲಿನ ಸಂದಿಯಲ್ಲಿಟ್ಟು, ಅಕ್ಕ, ನಾನು, ಶ್ಯಾಮಿಲಿ, ಹಸನಬ್ಬ ಅಲ್ಲಿಯೇ ಒಂದು ತಟ್ಟಿಯ ಮರೆಯಲ್ಲಿ ಬೀಡುಬಿಟ್ಟೆವು.

ಒಂದು ಬೆಳಿಗ್ಗೆ ಪಡುವಣ ಕಡಲಿನ ಮೇಲೆ ಬಿಳಿಯ ಗೆರೆ ಕಂಡಿತು. ಅದು ದಪ್ಪವಾಯಿತು, ಅಲುಗಿತು, ಹಕ್ಕಿಗಳಾಯಿತು. ಅವು ನೇರ ಮಾತಿನಬಂಡೆ ಇದ್ದ ಕಡೆಗೆ ಹೋದವು. ಅಲ್ಲಿ ನೀರನ್ನು ನೋಡಿ ಚದುರಿದವು. ಸುತ್ತಿದವು, ಮೇಲೇರಿದವು, ಮತ್ತೆ ಇಳಿದು ನೋಡಿದವು. ಮನೆಗೆ ಬಂದರೆ ಮನೆಯೇ ಇಲ್ಲ ಎಂದಾದರೆ ಯಾರಾದರೂ ಹಾಗೆಯೇ ಮಾಡುವುದು. ನನಗೆ ಅಳು ಬಂತು, ಬಟ್ಟೆಯೊಳಗೇ ಅತ್ತೆ.

ಮಧ್ಯಾಹ್ನದ ಹೊತ್ತಿಗೆ ಅವು ಬೋಳುಕುದ್ರಿನ ಮೇಲೆ ಬಂದವು. ಶ್ಯಾಮಿಲಿ ಸ್ಪೀಕರ್ ಜೋರು ಮಾಡಿದಳು. ಇಡೀ ಊರಿನ ಹಳೆಯ ಮಾತುಗಳು ಕಲ್ಲಿನ ಸಂದಿಗಳಿಂದ ಕೇಳಿಸತೊಡಗಿದವು. ಹಕ್ಕಿಗಳು ತಗ್ಗಿದವು, ಮರದ ಹಕ್ಕಿಗಳನ್ನು ಮೂಸುವಷ್ಟು ಹತ್ತಿರ ಬಂದವು, ಮತ್ತೆ ಎದ್ದುಹೋದವು. ಮರುದಿನವೂ ಅದೇ ಆಯಿತು. ಈ ಸಲ ಅವು ಸುತ್ತುವ ವೃತ್ತ ದೊಡ್ಡದಾಗಿತ್ತು, ನಡುಗಡಲಿನ ಕಡೆಗೆ ಸರಿದಿತ್ತು. ಶ್ಯಾಮಿಲಿ ದುರ್ಬೀನು ಇಳಿಸಿ, ತಾನು ತಂದಿದ್ದ ಸ್ಲೇಟಿನ ಮೇಲೆ ಬರೆದು ತೋರಿಸಿದಳು: ಇವತ್ತು ಇಳಿಯದಿದ್ದರೆ ಇಲ್ಲ.

ಅಕ್ಕ ಅದನ್ನು ಓದಿದಳು. ಎದ್ದಳು. ತಟ್ಟಿಯ ಮರೆಯಿಂದ ಹೊರಗೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಕಾಶದ ಕಡೆ ಮುಖವೆತ್ತಿ ಕೂಗಿಬಿಟ್ಟಳು.

"ಎಲ್ಲಿಗೆ ಹೋಗುದು ನೀವು? ಹಾಂ? ಕಣ್ಣು ಕಾಣುದಿಲ್ವಾ? ಮಳೆಗಾಲ ಇಡೀ ಕೂತು ಕೆತ್ತಿದ್ದೇನೆ, ಕೈಯೆಲ್ಲ ಗುಳ್ಳೆ ಬಂದಿದೆ, ಒಮ್ಮೆ ಇಳಿದು ನೋಡ್ಲಿಕ್ಕೆ ಎಂತ ಧಾಡಿ ನಿಮ್ಗೆ?"

ಮೌನ ಮುರಿಯಿತು, ಊರು ಹಾಳಾಯಿತು, ಎಲ್ಲ ಮುಗಿಯಿತು ಎಂದುಕೊಂಡೆ. ಬಟ್ಟೆ ಕಿತ್ತೆಸೆದು ಓಡಿದೆ. "ಬಾಯಿ ಮುಚ್ಚು ಅಕ್ಕಾ! ಇದ್ದವೂ ಹೋಗ್ತವೆ!"

"ಹೋಗುದಾದ್ರೆ ಹೋಗ್ಲಿ! ಮುಚ್ಚಿ ಮುಚ್ಚಿ ಎಂತ ಆಯ್ತು? ವರ್ಷ ವರ್ಷ ಮುಚ್ಚಿದೆವು, ವರ್ಷ ವರ್ಷ ಕಡಿಮೆ ಬಂದವು!"

"ಊರಿಗೆಲ್ಲ ಒಂದು ದಾರಿಯಾದ್ರೆ ನಿನಗೆ ಬೇರೆಯೇ ದಾರಿ! ಗಂಡ ಬೇಕೂಂತ ಊರನ್ನು ಮುಳುಗಿಸ್ತೀಯಾ?"

"ಹೌದು, ಬೇಕು!" ಅಂದಳು ಅಕ್ಕ. ಅವಳ ಮುಖವೆಲ್ಲ ಕಣ್ಣೀರು. "ನನಗೆ ಅವ್ರು ಬೇಕು! ಅದನ್ನು ಹೇಳ್ಲಿಕ್ಕೆ ನಾಚಿಕೆ ಎಂತದ್ದು? ನಿನ್ನ ಗಂಡ ಮನೇಲಿ ಗೊರಕೆ ಹೊಡೀತಾ ಮಲಗಿದ್ದಾನೆ, ನಿಂಗೆ ಎಂತ ಗೊತ್ತಾಗ್ತದೆ? ಎಲ್ಲದಕ್ಕೂ ಬುದ್ಧಿ ಹೇಳುವವಳು, ಬಂಗುಡೆ ಸಾರಿಗೆ ಅಮಟೆಕಾಯಿ ಹಾಕುವವಳು!"

"ನನ್ನ ಸಾರಿನ ಸುದ್ದಿಗೆ ಬರ್ಬೇಡ ನೀನು! ಅದು ಅಮ್ಮ ಕಲಿಸಿದ್ದು!"

"ಅಮ್ಮ ಎಂದೂ ಅಮಟೆಕಾಯಿ ಹಾಕ್ಲೇ ಇಲ್ಲ!"

ಆಗ ಹಸನಬ್ಬ ನಮ್ಮಿಬ್ಬರ ನಡುವೆ ಕೈ ಚಾಚಿ ಬೆರಳು ತೋರಿಸಿದ. ನಮ್ಮಿಂದ ಒಂದು ಮಾರು ದೂರದಲ್ಲಿ, ಒಂದು ಕಲ್ಲಿನ ಮೇಲೆ, ಜೀವಂತ ಕರೆಹಕ್ಕಿಯೊಂದು ಕೂತಿತ್ತು. ಕತ್ತು ಓರೆಮಾಡಿ ನಮ್ಮ ಜಗಳ ಕೇಳುತ್ತಿತ್ತು. ಅದರ ಹಿಂದೆ ಇನ್ನೊಂದು. ನಾವು ಸುಮ್ಮನಾದ ಕೂಡಲೇ ಎರಡೂ ರೆಕ್ಕೆ ಬಿಚ್ಚಿದವು.

"ಮಾತಾಡಿ!" ಕಿರುಚಿದಳು ಶ್ಯಾಮಿಲಿ. "ನಿಲ್ಲಿಸ್ಬೇಡಿ, ದಮ್ಮಯ್ಯ, ಮಾತಾಡಿ!"

ನಾನು ಅಮಟೆಕಾಯಿಯ ಗುಣಗಾನ ಶುರುಮಾಡಿದೆ. ಹಕ್ಕಿಗಳು ರೆಕ್ಕೆ ಮಡಚಿದವು. ಡಬ್ಬದ ಮಾತು ಎಂದೋ ಆಡಿ ಮುಗಿದದ್ದು, ಅವಕ್ಕೆ ಬೇಕಾದದ್ದು ಬಾಯಿಂದ ಆಗತಾನೇ ಬರುವ ಮಾತು ಎಂದು ಆ ಕ್ಷಣದಲ್ಲಿ ನಮಗೆಲ್ಲ ಒಟ್ಟಿಗೇ ಹೊಳೆಯಿತು. ಅವು ವರ್ಷ ವರ್ಷ ಇಷ್ಟು ದೂರ ಹಾರಿ ಬರುತ್ತಿದ್ದುದು ನಮ್ಮ ಗದ್ದಲ ಕೇಳಿಕೊಂಡು. ನಾವೋ ಗೌರವದಿಂದ ಒಂದೊಂದೇ ದೀಪ ಆರಿಸುತ್ತ ಹೋಗಿದ್ದೆವು. ಹಸನಬ್ಬ ಆಗಲೇ ದೋಣಿಯ ಕಡೆ ಓಡುತ್ತಿದ್ದ, ಊರನ್ನು ಕರೆತರಲು.

ಊರು ಬರುವವರೆಗೆ ಆ ಎರಡು ಹಕ್ಕಿಗಳನ್ನು ಕಲ್ಲಿನ ಮೇಲೆ ಹಿಡಿದಿಟ್ಟದ್ದು ನನ್ನ ನಾಲಿಗೆ. ಜೀವಮಾನವಿಡೀ ಅದಕ್ಕಾಗಿ ಬೈಗುಳ ತಿಂದವಳು ನಾನು, ಅವತ್ತು ಒಂದು ಗುಟುಕು ನೀರಿಗೂ ನಿಲ್ಲಿಸಲಿಲ್ಲ. ದೂರದಲ್ಲಿ ಉಳಿದ ಹಕ್ಕಿಗಳು ಇನ್ನೂ ಸುತ್ತುತ್ತಿದ್ದವು. ಹೋಗಲೂ ಇಲ್ಲ, ಬರಲೂ ಇಲ್ಲ.

ದೋಣಿಗಳು ಬಂದವು. ಮಕ್ಕಳು, ಮುದುಕರು, ಬಾಣಂತಿಯರು, ಎಲ್ಲರೂ ಕಲ್ಲು ಹತ್ತಿ ಬಂದು ನಿಂತರು. ತನಿಯಪ್ಪಜ್ಜ ಕೋಲೂರಿಕೊಂಡು ಆ ಎರಡು ಹಕ್ಕಿಗಳನ್ನು ನೋಡಿದರು, ಆಮೇಲೆ ಆಕಾಶ ನೋಡಿದರು. ಅವರ ಮುಖ ಒಮ್ಮೆಲೇ ಬಹಳ ಮುದಿಯಾಯಿತು. ತಾನು ಎಷ್ಟು ವರ್ಷ ಹಕ್ಕಿಗಳನ್ನು ದೂರ ಕಳಿಸಿದೆ ಎಂಬುದು ಅವರಿಗೆ ಅರ್ಥವಾಗಿತ್ತು. ಅಲ್ಲಿಯೇ ಕೂತುಬಿಡುತ್ತಾರೇನೋ ಎಂದುಕೊಂಡೆ. ಆದರೆ ಅಜ್ಜ ಕೋಲು ಎತ್ತಿ, "ಮಾತಾಡಿ ಮಕ್ಳೇ," ಅಂದರು. "ಎಲ್ಲರೂ ಮಾತಾಡಿ."

ಮಾತಾಡಿ ಎಂದು ಹೇಳಿಸಿಕೊಂಡ ಕೂಡಲೇ ಊರಿಗೆ ಊರೇ ಮೂಕವಾಯಿತು. ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಕೆಮ್ಮಿದ. ಇನ್ನೊಬ್ಬಳು, "ಮತ್ತೆ... ಚೆನ್ನಾಗಿದ್ದೀರಾ?" ಎಂದು ದಿನಾ ನೋಡುವ ಪಕ್ಕದ ಮನೆಯವಳನ್ನೇ ಕೇಳಿದಳು. ಅಜ್ಜನಿಗೆ ರೇಗಿತು. "ನನ್ನ ಈ ಮೊಣಕಾಲು ಉಂಟಲ್ಲ," ಎಂದು ಗಟ್ಟಿಯಾಗಿ ಶುರುಮಾಡಿದರು, "ಇದು ಎಡದ್ದು. ಬಲದ್ದು ಪರವಾಗಿಲ್ಲ. ಇದಕ್ಕೆ ನಾನು ಹಚ್ಚದ ಎಣ್ಣೆ ಇಲ್ಲ." ಅಜ್ಜನಿಗೆ ಯಾವ ಎಣ್ಣೆ ಒಳ್ಳೆಯದೆಂದು ಹೇಳಲು ಯಾರೋ ಬಾಯಿ ಹಾಕಿದರು. ಆ ಎಣ್ಣೆ ಬೇಡವೆಂದು ಇನ್ನೊಬ್ಬರು. ಅಲ್ಲಿಗೆ ಕಟ್ಟೆ ಒಡೆಯಿತು. ಮೊಣಕಾಲು, ಮಗಳ ಹೆರಿಗೆ, ತೂತಾದ ಕೊಡ, ಮಗ್ಗಿ, ಕೋಳಿಗೆ ಬಂದ ರೋಗ. ಬೋಳುಕುದ್ರು ಹುಟ್ಟಿದ ಮೇಲೆ ಅಷ್ಟು ಸದ್ದನ್ನು ಕೇಳಿರಲಾರದು.

ಹಕ್ಕಿಗಳು ಬಂದವು. ಅಕ್ಕಿ ಕೇರುವಾಗ ಗಾಳಿಗೆ ಹೊಟ್ಟು ಏಳುತ್ತದಲ್ಲ, ಅದೇ ಹೊಟ್ಟು ತಿರುಗಿ ಮೊರಕ್ಕೆ ಸುರಿದ ಹಾಗೆ ಆಕಾಶದಿಂದ ಸುರಿದವು. ರೆಕ್ಕೆಗಳ ಗಾಳಿಗೆ ಹುಲ್ಲು ಮಲಗಿತು. ಹೆಂಗಸರ ತಲೆಯ ಮೇಲೆ, ಅಕ್ಕನ ಮರದ ಹಕ್ಕಿಗಳ ಪಕ್ಕ, ಮಕ್ಕಳ ಕಾಲುಗಳ ನಡುವೆ ಇಳಿದವು. ಇಳಿದಂತೆ ದನಿಗಳು ಹೋಗತೊಡಗಿದವು. ಹಿಂದೆಲ್ಲ ಅದು ದೂರದ ಬಂಡೆಯ ಮೇಲೆ ಆಗುತ್ತಿತ್ತು, ನಾವು ಮನೆಯಲ್ಲಿದ್ದಾಗ ಗಂಟಲು ಖಾಲಿಯಾಗಿದ್ದು ತಿಳಿಯುತ್ತಿತ್ತು. ಅವತ್ತು ಕಣ್ಣೆದುರೇ ನೋಡಿದೆ. ಅಜ್ಜ "ಮೂರನೇ ವೈದ್ಯರು ಏನಂದ್ರು ಅಂದ್ರೆ" ಎನ್ನುತ್ತಿದ್ದವರು ಬರೀ ತುಟಿ ಆಡಿಸಿದರು, ಅವರ ಕಾಲ ಬಳಿಯಿದ್ದ ಹಕ್ಕಿ "ಬಿಸಿನೀರು ಹಾಕ್ಲಿಕ್ಕೆ ಅಂದ್ರು" ಎಂದು ಮಾತು ಮುಗಿಸಿತು. ಶ್ಯಾಮಿಲಿಯ ಎದುರು ಪುಕ್ಕ ಸರಿಯಾಗಿ ಬಲಿಯದ ಎಳೆಯ ಹಕ್ಕಿಯೊಂದು ಕೂತಿತ್ತು. ಅವಳು ಏನೋ ಹೇಳುತ್ತಿದ್ದವಳು ಥಟ್ಟನೆ ಗಂಟಲು ಮುಟ್ಟಿಕೊಂಡಳು. ಹಕ್ಕಿ ಅವಳ ದನಿಯಲ್ಲಿ, "ನನ್ನದೂನಾ?" ಅಂದಿತು. ಅವಳು ಕಲ್ಲಿನ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಸದ್ದಿಲ್ಲದೆ ಅತ್ತಳು. ನನ್ನ ದನಿ ಹೋದದ್ದು ಹೆಚ್ಚುಕಡಿಮೆ ಎಲ್ಲರದ್ದೂ ಹೋದ ಮೇಲೆ. ಅಷ್ಟೂ ಹೊತ್ತು ಒಂದೇ ವಾಕ್ಯ ಮುಗಿಯದೆ ನಡೆದಿತ್ತೆಂದು ಕಾಣುತ್ತದೆ.

ನಿಧಾನಕ್ಕೆ ಸತ್ತವರೂ ಮಾತಾಡತೊಡಗಿದರು. ಯಾರದೋ ಅಜ್ಜಿ, ಯಾರದೋ ಮಗು, ಹೆಸರಿಲ್ಲದ ಮೀನುಗಳನ್ನು ಕರೆಯುವ ಆ ಹಳೆಯ ದನಿಗಳು. ಹಸನಬ್ಬನ ತಾಯಿ ಎಲ್ಲಿಂದಲೋ, "ಆ ಹುಡುಗ ಊಟ ಬಿಟ್ಟು ಎಲ್ಲಿ ಹಾಳಾಗಿ ಹೋದ?" ಅಂದರು. ನರೆತ ಗಡ್ಡದ ಹಸನಬ್ಬ ಆ ಕಡೆ ಓಡಿದ. ಜನ ಒಬ್ಬೊಬ್ಬರಾಗಿ ತಮ್ಮವರನ್ನು ಕಂಡುಕೊಂಡು, ಅವರ ಹತ್ತಿರ ಕೂತರು. ಸೂರ್ಯ ನೀರಿಗೆ ತಾಗುವಷ್ಟು ಇಳಿದಿದ್ದ. ಅಕ್ಕನ ದನಿಯೂ ಹೋಗಿತ್ತು. ಅವಳು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಹೋಗುತ್ತ, ಬಗ್ಗಿ ಕೇಳುತ್ತ, ತಲೆಯಾಡಿಸಿ ಮುಂದೆ ಸರಿಯುತ್ತ ಇದ್ದಳು. ಭಾವನ ದನಿ ಎಲ್ಲಿಯೂ ಇರಲಿಲ್ಲ. ನಾನು ಅವಳ ಹಿಂದೆಯೇ ನಡೆದೆ. ಇಷ್ಟು ಹಕ್ಕಿಗಳನ್ನು ಕರೆತಂದವಳಿಗೆ ಅವಳದ್ದೊಂದು ಬರದಿದ್ದರೆ ನಾನು ಯಾವ ದೇವರನ್ನೂ ಕ್ಷಮಿಸುವುದಿಲ್ಲ ಎಂದುಕೊಂಡೆ.

ದ್ವೀಪದ ಆ ತುದಿಯಲ್ಲಿ, ಜನರಿಂದ ದೂರ, ಅಕ್ಕನ ದನಿಯ ಹಕ್ಕಿ ಒಂದೇ ಕೂತಿತ್ತು. ತಡವಾಗಿ ಬಂದ ಹಕ್ಕಿಯೊಂದು ಬಳಲಿ, ರೆಕ್ಕೆ ಎಳೆದುಕೊಂಡು ಅದರ ಪಕ್ಕದಲ್ಲಿಯೇ ಇಳಿಯಿತು. ಸ್ವಲ್ಪ ಹೊತ್ತು ಸುಧಾರಿಸಿಕೊಂಡಿತು. ಆಮೇಲೆ ಐತಪ್ಪ ಭಾವನ ದನಿಯಲ್ಲಿ ಅಂದಿತು, "ಅಬ್ಬ. ಬಂಡೆ ಇದ್ದ ಕಡೆ ನೀರು ಮಾರಾಯ್ತಿ."

ಅಕ್ಕ ನನ್ನ ಕೈ ಹಿಡಿದುಕೊಂಡಳು, ಮೂಳೆ ಮುರಿಯುವಷ್ಟು ಗಟ್ಟಿಯಾಗಿ.

ಆಗ ಮೊದಲಿನ ಹಕ್ಕಿ ಅಕ್ಕನ ದನಿಯಲ್ಲಿ ಉತ್ತರ ಕೊಟ್ಟಿತು. "ಗೊತ್ತುಂಟು. ನಾನು ನೋಡಿದ್ದೇನೆ. ದಾರಿಯಲ್ಲಿ ಏನಾದ್ರೂ ತಿಂದ್ರಾ?"

"ಎಲ್ಲಿ ತಿನ್ನುದು? ನಿನ್ನನ್ನು ಹುಡುಕಿಯೇ ಸಾಕಾಯ್ತು."

ಹಳೆಯ ಬಂಡೆಯ ಮೇಲೆ ಪ್ರತಿ ಹಕ್ಕಿಯೂ ತನ್ನ ಪಾಡಿಗೆ ತಾನು ಹೇಳಿಕೊಳ್ಳುತ್ತಿತ್ತು. ಸತ್ತವರ ದನಿಗಳು ಮೇಲಿನ ಸಾಲುಗಳಲ್ಲಿ, ನಮ್ಮವು ಕೆಳಗೆ. ಒಂದರ ಮಾತಿಗೆ ಇನ್ನೊಂದು ಉತ್ತರ ಕೊಟ್ಟದ್ದನ್ನು ನಮ್ಮೂರಿನಲ್ಲಿ ಯಾರೂ, ಯಾವ ಕಾಲದಲ್ಲೂ ಕೇಳಿರಲಿಲ್ಲ. ಹೊಸ ಜಾಗದಲ್ಲಿ ಯಾರ ಪಕ್ಕ ಯಾರು ಎಂಬ ಲೆಕ್ಕವೆಲ್ಲ ಕಲಸಿಹೋಗಿತ್ತು. ಎರಡೂ ಹಕ್ಕಿಗಳು ಇನ್ನಷ್ಟು ಹತ್ತಿರ ಸರಿದವು. ಭಾವನ ದನಿ ತಗ್ಗಿತು. ಅಕ್ಕನ ದನಿ ಇನ್ನೂ ತಗ್ಗಿತು, ನಾನು ಎಂದೂ ಕೇಳಿರದಷ್ಟು ಮೆತ್ತಗೆ ಏನೋ ಹೇಳಿತು. ನಾನು ಕಿವಿ ಚೂಪು ಮಾಡಿಕೊಂಡು ಮುಂದಕ್ಕೆ ಬಗ್ಗಿದೆ.

ಅಕ್ಕ ನನ್ನ ಸೆರಗು ಹಿಡಿದೆಳೆದಳು.

ತಿರುಗಿ ನೋಡಿದೆ. ಅವಳು ಕೂರುತ್ತಾಳೆ, ಕತ್ತಲಾಗುವವರೆಗೆ ಕೇಳುತ್ತಾಳೆ, ಅವಳಿಗಾಗಿ ಚಾಪೆ ತರಬೇಕು ಎಂದು ನಾನು ಎಣಿಸಿದ್ದೆ. ಅವಳ ಕೆನ್ನೆ ಒದ್ದೆಯಾಗಿತ್ತು, ಕಣ್ಣು ಹೊಳೆಯುತ್ತಿತ್ತು, ಮುಖದಲ್ಲಿ ಮದುವೆಯಾದ ಹೊಸತರಲ್ಲಿದ್ದ ನಾಚಿಕೆಯಿತ್ತು. ನಡಿ ಎಂದು ಕಣ್ಣಲ್ಲೇ ಹೇಳಿದಳು. ಇಷ್ಟು ಬೇಗ ಯಾಕೆ, ಇನ್ನೂ ಸ್ವಲ್ಪ ಕೇಳೋಣ ಎಂದು ನಾನು ಕೈಸನ್ನೆ ಮಾಡಿದೆ. ಗಂಡ ಹೆಂಡತಿ ಮಾತಾಡುವಲ್ಲಿ ಬಾಗಿಲಿಗೆ ಕಿವಿ ಕೊಟ್ಟು ನಿಂತವಳನ್ನು ನೋಡುವ ಹಾಗೆ ಅವಳು ನನ್ನನ್ನು ನೋಡಿದಳು. ನನಗೆ ನಗು ಬಂತು. ಅವಳಿಗೂ ಬಂತು.

ನಾವಿಬ್ಬರೂ ಸದ್ದಾಗದಂತೆ ಕಲ್ಲಿಳಿದು, ಸಣ್ಣ ದೋಣಿಯೊಂದನ್ನು ಬಿಚ್ಚಿ ಮನೆಗೆ ಹೊರಟೆವು. ಅಕ್ಕ ಹುಟ್ಟು ಹಾಕಿದಳು, ಒಮ್ಮೆಯೂ ತಿರುಗಿ ನೋಡಲಿಲ್ಲ. ನಮ್ಮ ಹಿಂದೆ ಬೋಳುಕುದ್ರಿನ ತುದಿಯಲ್ಲಿ ಅವರಿಬ್ಬರೂ ಇನ್ನೂ ಮಾತಾಡುತ್ತಲೇ ಇದ್ದರು.